ಹತ್ತಕ್ಕೆ ಮೂರು

‘ನನ್ನ ಜೀವನದ ಗುರಿ’ – ಈ ಮೂರು ಪದಗಳನ್ನು ಕರಿಹಲಗೆಯ ಮೇಲೆ ನಾನು ಎಷ್ಟು ಸಲ ಬರೆದಿರಬಹುದೆಂದು ಲೆಕ್ಕವಿಟ್ಟವನಲ್ಲ. 1973ರಿಂದ 2006ರವರೆಗೆ 33 ವರ್ಷ ನಾನು ಕನ್ನಡ ಮೇಷ್ಟ್ರು. ಕುರುಗೋಡು, ಸಿರುಗುಪ್ಪ, ಬಳ್ಳಾರಿ, ಹೀಗೆ ಒಂದೇ ಜಿಲ್ಲೆಯ ಮೂರು ಊರುಗಳಲ್ಲಿ ನನ್ನ ಸೇವೆಯೆಲ್ಲ ಸವೆಯಿತು. ಹತ್ತನೆಯ ತರಗತಿಯ ಮಕ್ಕಳಿಗೆ ವರ್ಷಕ್ಕೊಮ್ಮೆ ಈ ಪ್ರಬಂಧವನ್ನು ಕೊಡುವುದು ಪದ್ಧತಿ. ಪದ್ಧತಿಯೆಂದರೆ, ನನಗೆ ನನ್ನ ಮೇಷ್ಟ್ರು ಕೊಟ್ಟಿದ್ದರು, ಅವರಿಗೆ ಅವರ ಮೇಷ್ಟ್ರು ಕೊಟ್ಟಿದ್ದರು. ಏಕೆ ಕೊಡುತ್ತೇವೆಂದು ನಾವು ಯಾರೂ ಕೇಳಿಕೊಂಡದ್ದಿಲ್ಲ.

ಯುವಜನರ ಆಶೋತ್ತರಗಳನ್ನು ಕುರಿತು ಮಾತನಾಡಬೇಕೆಂದು ಆಕಾಶವಾಣಿಯವರು ಕೇಳಿದಾಗ, ನನ್ನ ಮನೆಯ ಅಟ್ಟದ ಮೇಲಿದ್ದ ತಗಡಿನ ಟ್ರಂಕು ಆಗಲೇ ಕೆಳಗಿಳಿದು ಪಡಸಾಲೆಯಲ್ಲಿ ಕುಳಿತಿತ್ತು. ಅದು ಕೆಳಗಿಳಿದುದಕ್ಕೆ ಬೇರೊಂದು ಕಾರಣವಿದೆ. ಅದನ್ನು ಆಮೇಲೆ ಹೇಳುತ್ತೇನೆ. ಟ್ರಂಕಿನಲ್ಲಿ ಹಳೆಯ ಉತ್ತರಪತ್ರಿಕೆಗಳ ಒಂದು ಕಟ್ಟು ಇದೆ. ತಿದ್ದಿ ಹಿಂದಿರುಗಿಸುವ ದಿನ ಶಾಲೆಗೆ ಬಾರದ ಮಕ್ಕಳವು, ಶಾಲೆಯನ್ನೇ ಬಿಟ್ಟ ಮಕ್ಕಳವು, ಬೇಡವೆಂದು ಬೆಂಚಿನ ಮೇಲೆಯೇ ಬಿಟ್ಟುಹೋದವು. ಊರಿಂದೂರಿಗೆ ವರ್ಗವಾದಾಗಲೆಲ್ಲ ಪಾತ್ರೆಪದಾರ್ಥಗಳ ಜೊತೆಗೆ ಈ ಕಟ್ಟೂ ಎತ್ತಿನ ಬಂಡಿಯಲ್ಲಿ, ಮುಂದೆ ಲಾರಿಯಲ್ಲಿ, ನನ್ನ ಜೊತೆ ಬಂತು. ಎಸೆಯಲು ಮನಸ್ಸಾಗಲಿಲ್ಲ. ಓದಲೂ ಇಲ್ಲ. ಈಗ ಓದಿದೆ.

ಇಂದಿನ ಯುವಕರಿಗೆ ಗುರಿಯೇ ಇಲ್ಲ ಎಂಬ ಮಾತನ್ನು ನಾವು ಹಿರಿಯರು ಬಲು ಸಲೀಸಾಗಿ ಆಡುತ್ತೇವೆ. ನನ್ನ ಕಟ್ಟನ್ನು ಸಾಕ್ಷಿಯಾಗಿಟ್ಟುಕೊಂಡು ಹೇಳುವುದಾದರೆ ಅದು ನಿಜವಲ್ಲ. ಗುರಿಯಿಲ್ಲದ ಒಂದು ಹಾಳೆಯೂ ಅದರಲ್ಲಿಲ್ಲ. ಆದರೆ ಬೇರೊಂದು ಸಂಗತಿ ಮನಸ್ಸಿಗೆ ನಾಟಿತು. ಯಾವ ಊರಿನಲ್ಲಿ ಯಾವ ವರ್ಷ ಯಾರು ದೊಡ್ಡವರಂತೆ ಕಾಣುತ್ತಿದ್ದರೋ, ಆ ವರ್ಷ ಆ ಊರಿನ ಮಕ್ಕಳೆಲ್ಲ ಅವರೇ ಆಗಬೇಕೆಂದು ಬರೆದಿದ್ದಾರೆ. ಕಣ್ಣಿಗೆ ಕಂಡಷ್ಟು ದೂರವೇ ಆಸೆಯ ಸೀಮೆ.

ಕುರುಗೋಡಿನ ಹಾಳೆಗಳನ್ನು ನೋಡಿ. ಅದು ನಾನು ಹುಟ್ಟಿದ ಊರೂ ಹೌದು. ಹನ್ನೆರಡನೆಯ ಶತಮಾನದಲ್ಲಿ ಸಿಂದ ಅರಸರು ಆಳಿದ ಸ್ಥಳ. ಬೆಟ್ಟದ ಸಾಲು, ಹಾಳುಬಿದ್ದ ಹಳೆಯ ಗುಡಿಗಳು, ದೊಡ್ಡ ಬಸವೇಶ್ವರನ ಗುಡಿಯಲ್ಲಿ ತಲೆಯೆತ್ತಿ ನೋಡಬೇಕಾದಂಥ ನಂದಿ. 2018ರ ಹೊತ್ತಿಗೆ ತಾಲ್ಲೂಕು ಕೇಂದ್ರವೆನಿಸಿದೆ; ನಾನು ಮೇಷ್ಟ್ರಾಗಿದ್ದಾಗ ಬಳ್ಳಾರಿ ತಾಲ್ಲೂಕಿನ ಒಂದು ದೊಡ್ಡ ಹಳ್ಳಿ. ಎರೆಭೂಮಿ, ಜೋಳ, ಹತ್ತಿ, ಸೇಂಗಾ. 1953ರ ಜುಲೈಯಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಬಿಟ್ಟ ಮೇಲೆ ಈ ಸೀಮೆಯ ರೈತರ ಕಣ್ಣೆಲ್ಲ ಕಾಲುವೆಗಳ ಕಡೆ. ಕಾಲುವೆಯೆಂದ ಮೇಲೆ ಜೀಪು. ಜೀಪಿನಲ್ಲಿ ಕಾಕಿ ಟೊಪ್ಪಿಗೆಯ ಇಂಜಿನಿಯರು. ಅವನು ಕೈಯೆತ್ತಿದರೆ ತೂಬು ತೆರೆಯುತ್ತಿತ್ತು, ಕೈಯಿಳಿಸಿದರೆ ಮುಚ್ಚುತ್ತಿತ್ತು. ಹಾಗೆಂದು ಹುಡುಗರು ನಂಬಿದ್ದರು. ಆದ್ದರಿಂದ ಕುರುಗೋಡಿನ ಕಟ್ಟಿನ ಅರ್ಧಕ್ಕರ್ಧ ಇಂಜಿನಿಯರುಗಳು. ಉಳಿದ ಅರ್ಧ ಡಾಕ್ಟರುಗಳು, ಏಕೆಂದರೆ 1961ರಲ್ಲಿ ಬಳ್ಳಾರಿಗೆ ಮೆಡಿಕಲ್ ಕಾಲೇಜು ಬಂದಿತ್ತು, ದೊಡ್ಡಾಸ್ಪತ್ರೆಗೆ ಹೋಗಿಬಂದ ಯಾರಾದರೊಬ್ಬರು ಪ್ರತಿ ಮನೆಯಲ್ಲೂ ಇದ್ದರು. 1978ರ ಹಾಳೆಗಳಲ್ಲಿ ಒಮ್ಮೆಗೇ ಒಂದು ಹೊಸ ಬೆಳೆ ಕಾಣಿಸಿಕೊಳ್ಳುತ್ತದೆ: ‘ನಾನು ತುಂಗಭದ್ರಾ ಗ್ರಾಮೀಣ ಬ್ಯಾಂಕಿನಲ್ಲಿ ಕೆಲಸ ಮಾಡುವೆನು.’ ಆ ಬ್ಯಾಂಕು 1976ರಲ್ಲಿ ಬಳ್ಳಾರಿಯಲ್ಲಿ ಆರಂಭವಾಗಿತ್ತು. ಹಳ್ಳಿಗಳಲ್ಲಿ ಶಾಖೆ ತೆರೆದು, ಒಳಗೆ ತಿರುಗುವ ಫ್ಯಾನಿನ ಕೆಳಗೆ, ನಮ್ಮ ಕಡೆಯ ಹುಡುಗನೇ ಕುಳಿತು ನೋಟು ಎಣಿಸುತ್ತಿದ್ದುದು ಇಂಜಿನಿಯರನ ಜೀಪಿಗಿಂತ ಹತ್ತಿರದ ದೃಶ್ಯ.

ಆಗ ತರಗತಿಯಲ್ಲಿ 40 ಮಂದಿ ಇದ್ದರೆ ಹೆಣ್ಣುಮಕ್ಕಳು ಆರೋ ಏಳೋ. ಅವರು ನರ್ಸ್ ಎಂದೋ ಶಿಕ್ಷಕಿ ಎಂದೋ ಬರೆಯುತ್ತಿದ್ದರು. (ಶಿಕ್ಷಕಿ ಎಂದು ಬರೆದವರಲ್ಲಿ ಕೆಲವರು ಮೇಷ್ಟ್ರಿಗೆ ಸಂತೋಷವಾಗಲೆಂದು ಬರೆದರೆಂಬ ಗುಮಾನಿ ನನಗೆ ಆಗಲೂ ಇತ್ತು, ಈಗಲೂ ಇದೆ.) ಅವರಲ್ಲೊಬ್ಬಳು ಉದ್ಯೋಗದ ಮಾತನ್ನೇ ಎತ್ತದೆ, ಮದುವೆಯಾಗಿ ಹೋದ ಮನೆಯಲ್ಲಿ ಪುಸ್ತಕ ಓದಲು ಬಿಡುವಂಥವರು ಇರಬೇಕು, ಆ ಊರಿನಲ್ಲಿ ಒಂದು ಗ್ರಂಥಾಲಯ ಇರಬೇಕು, ತಾನು ಅಲ್ಲಿಗೆ ಒಬ್ಬಳೇ ಹೋಗಿಬರುವಂತಿರಬೇಕು ಎಂದು ಬರೆದಿದ್ದಾಳೆ. ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ವಿಷಯಾಂತರ’ ಎಂದಿದೆ. ಬರವಣಿಗೆ ನನ್ನದೇ.

ಸಿರುಗುಪ್ಪಕ್ಕೆ ನಾನು ವರ್ಗವಾದದ್ದು 1981ರಲ್ಲಿ. ಕುರುಗೋಡಿಗೆ ಹೋಲಿಸಿದರೆ ಅದು ನೀರಿನ ಊರು. ಊರ ಪಕ್ಕದಲ್ಲೇ ತುಂಗಭದ್ರೆ. ವಿಜಯನಗರದ ಕಾಲದ ಕಾಲುವೆಗಳಲ್ಲಿ ಅದಾಗಲೇ ಭತ್ತ ಬೆಳೆಯುತ್ತಿದ್ದ ನೆಲ. ಕೃಷಿ ಸಂಶೋಧನ ಕೇಂದ್ರವೂ ಅಣೆಕಟ್ಟಿಗಿಂತ ಮೊದಲಿನದು. ಹೊಸ ಕಾಲುವೆ ಬಂದ ಮೇಲೆ ಆಂಧ್ರದ ಕರಾವಳಿಯಿಂದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಅಕ್ಕಿ ಗಿರಣಿಗಳ ಹೊಗೆಕೊಳವೆಗಳು ಎದ್ದವು. ನನ್ನ ತರಗತಿಯಲ್ಲಿ ಮನೆಯಲ್ಲಿ ತೆಲುಗು ಮಾತನಾಡುವವರು, ಉರ್ದು ಮಾತನಾಡುವವರು, ಮೂರನ್ನೂ ಒಂದೇ ವಾಕ್ಯದಲ್ಲಿ ಮಾತನಾಡುವವರು ಒಟ್ಟಿಗೆ ಕುಳಿತಿದ್ದರು. ‘ನನಗೆ ದೊಡ್ಡ ಉದ್ಯೋಗಂ ಬೇಕು’ ಎಂದು ಬರೆದ ಹುಡುಗನ ಆ ಸೊನ್ನೆಗೆ ನಾನು ಅರ್ಧ ಅಂಕ ಕಳೆದದ್ದುಂಟು. ಅಲ್ಲಿಯ ಮಕ್ಕಳ ಗುರಿ ಬಹುಮಟ್ಟಿಗೆ ಅಕ್ಕಿ ಗಿರಣಿ. ಇಂಜಿನಿಯರ್ ಆಗುವೆನೆಂದವರೂ ಕೊನೆಯ ಪ್ಯಾರಾದಲ್ಲಿ ಗಿರಣಿ ಹಾಕಿಸುತ್ತಿದ್ದರು.

ಬಳ್ಳಾರಿಯ ಹಾಳೆಗಳ ವಿಷಯವನ್ನು ಬೇಗ ಮುಗಿಸುತ್ತೇನೆ. 2004ರಲ್ಲಿ ಒಬ್ಬ ಹುಡುಗ ಹತ್ತು ಟಿಪ್ಪರ್ ಲಾರಿ ಕೊಳ್ಳುವುದು ತನ್ನ ಗುರಿಯೆಂದು ಬರೆದು, ಅದಿರಿನ ಒಂದು ಟ್ರಿಪ್ಪಿಗೆ ಎಷ್ಟು, ಡೀಸೆಲ್ಲಿಗೆ ಎಷ್ಟು, ಚಾಲಕನಿಗೆ ಎಷ್ಟು, ಬ್ಯಾಂಕಿನ ಕಂತು ಎಷ್ಟು ಎಂದು ಲೆಕ್ಕ ಹಾಕಿ ತೋರಿಸಿದ್ದ. ಲೆಕ್ಕ ಸರಿಯಾಗಿತ್ತು. ಕನ್ನಡ ಪ್ರಬಂಧಕ್ಕೆ ನಾನು ಒಂಬತ್ತು ಅಂಕ ಕೊಟ್ಟೆ. ಸಂಡೂರು, ಹೊಸಪೇಟೆಗಳ ಗುಡ್ಡಗಳು ಕರಗಿ ರಸ್ತೆಗೆ ಬರುತ್ತಿದ್ದ ಕಾಲ ಅದು. ಊರಿಗೆ ಊರೇ ಕೆಂಪು ಧೂಳಿನಲ್ಲಿ ಲೆಕ್ಕ ಹಾಕುತ್ತಿತ್ತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಹೆದ್ದಾರಿಯ ಪಕ್ಕದಲ್ಲಿ ಸಾಲುಗಟ್ಟಿ ನಿಂತ ಲಾರಿಗಳನ್ನು ನೋಡಿದೆ. ಮುಂದೆ ಮಿತಿಗಳೊಡನೆ ಗಣಿಗಳು ಮತ್ತೆ ತೆರೆದವು. ಆದರೆ ಆ ನಡುವಣ ಕಂತುಗಳನ್ನು ಯಾರು ಕಟ್ಟಿದರೋ. ಅಂದಿನ ಆ ಒಂಬತ್ತು ಅಂಕ ಯಾವುದಕ್ಕೆ ಕೊಟ್ಟೆನೆಂದು ಈಗ ಯೋಚಿಸುತ್ತೇನೆ.

ನನ್ನ ಸ್ವಂತ ಗುರಿಯ ಮಾತನ್ನೂ ಹೇಳಬೇಕಷ್ಟೆ. ನಾನು ಹುಟ್ಟಿದ್ದು 1948ರಲ್ಲಿ, ಆಗ ಬಳ್ಳಾರಿ ಮದರಾಸು ಪ್ರಾಂತ್ಯದಲ್ಲಿತ್ತು. ನನ್ನ ತಂದೆ ಕರಣಂ. ಹಳ್ಳಿಯ ಲೆಕ್ಕಪತ್ರ ಬರೆಯುವವರು. 1953ರ ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ಹುಟ್ಟಿದ ದಿನವೇ, ಆದವಾನಿ, ಆಲೂರು, ರಾಯದುರ್ಗಗಳು ಅತ್ತ ಹೋಗಿ ನಾವು ಮೈಸೂರಿಗೆ ಸೇರಿದೆವು. ಐದು ವರ್ಷದ ನನಗೆ ಅಂದು ನೆನಪಿರುವುದು ಯಾರೋ ಕೈಯಲ್ಲಿಟ್ಟ ಬೆಲ್ಲದ ಚೂರು ಮಾತ್ರ. ತಂದೆಗಾದರೋ ಅದು ಉದ್ಯೋಗದ ಪ್ರಶ್ನೆ: ಇನ್ನು ಮೇಲೆ ಮಗನನ್ನು ಓದಿಸಬೇಕಾದದ್ದು ಮದರಾಸಿನಲ್ಲೋ ಬೆಂಗಳೂರಿನಲ್ಲೋ? ಅವರ ಕಾಲದಲ್ಲಿ ಪದವಿಯ ಕಾಗದ ಮದರಾಸಿನಿಂದ ಬರುತ್ತಿತ್ತು. ಮುಂದೆ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು, 2010ರಲ್ಲಿ ಬಳ್ಳಾರಿಯಲ್ಲೇ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಾಯಿತು. ಒಂದು ಊರಿನ ತರುಣರು ಯಾವ ದಿಕ್ಕಿಗೆ ಮುಖ ಮಾಡಿ ಕನಸು ಕಾಣಬೇಕೆಂಬುದನ್ನು ಗಡಿ ಎಳೆಯುವವರು ಎಷ್ಟು ಸಲ ಬದಲಿಸಬಹುದು, ನೋಡಿ.

ನನಗೆ ನಟನಾಗಬೇಕೆಂಬ ಹುಚ್ಚು. ಜಾತ್ರೆಗೆ ಬರುತ್ತಿದ್ದ ನಾಟಕದ ಕಂಪನಿ, ಸುಗ್ಗಿಯ ಮೇಲೆ ಆಡುತ್ತಿದ್ದ ಬಯಲಾಟ, ಇವುಗಳಿಂದ ಹತ್ತಿದ ಹುಚ್ಚು. ಅದಕ್ಕೆ ತುಪ್ಪ ಹೊಯ್ದವರು ನನ್ನ ತಂದೆಯವರೇ. ಅವರು ಬಳ್ಳಾರಿ ರಾಘವರನ್ನು ರಂಗದ ಮೇಲೆ ಕಂಡವರು. ಹಿರಣ್ಯಕಶಿಪು, ಪಠಾಣ ರುಸ್ತುಂ ಪಾತ್ರಗಳ ಮಾತು ತೆಗೆದರೆ ಊಟ ಆರಿಹೋದರೂ ಏಳುತ್ತಿರಲಿಲ್ಲ. ಒಂದು ರಾತ್ರಿ ಧೈರ್ಯಮಾಡಿ, ‘ನಾನೂ ರಾಘವರ ಹಾಗೆ ಆಗುತ್ತೇನೆ’ ಎಂದೆ. ತಂದೆ ಕೈ ತೊಳೆದುಕೊಂಡು, ಬಹಳ ಮೃದುವಾಗಿ, ‘ರಾಘವ ವಕೀಲನಾಗಿದ್ದ. ಮೊದಲು ವಕೀಲನಾಗು’ ಎಂದರು.

ಅವರು ಹೇಳಿದ್ದು ಸುಳ್ಳಲ್ಲ. 1880ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡ ರಾಘವರು ಮದರಾಸಿನಲ್ಲಿ ಕಾನೂನು ಓದಿ ಬಂದು ಬಳ್ಳಾರಿಯಲ್ಲಿ ಹೆಸರಾಂತ ಕ್ರಿಮಿನಲ್ ವಕೀಲರಾಗಿದ್ದರು, ಸರ್ಕಾರಿ ವಕೀಲರೂ ಆಗಿದ್ದರು. ಅವರ ಸೋದರಮಾವ, ನಾಟಕಕಾರ ಧರ್ಮವರಂ ರಾಮಕೃಷ್ಣಮಾಚಾರ್ಯರು ವಕೀಲರು. ಅವರಿಗೆ ಎದುರಾಗಿ ನಾಟಕ ಬರೆಯುತ್ತಿದ್ದ ಕೋಲಾಚಲಂ ಶ್ರೀನಿವಾಸರಾಯರೂ ವಕೀಲರೇ. ಬಳ್ಳಾರಿಯ ಕೋರ್ಟು ಒಂದು ಕಾಲಕ್ಕೆ ನಾಟಕಶಾಲೆಯೇ ಆಗಿತ್ತೇನೋ ಎನ್ನಿಸುತ್ತದೆ. ಹರಪನಹಳ್ಳಿಯಲ್ಲಿ ಹುಟ್ಟಿದ ಬೀchiಯವರನ್ನು, ಅಂದರೆ ರಾಯಸಂ ಭೀಮಸೇನರಾಯರನ್ನು, ನೆನೆಯಿರಿ. ಅವರು ಸಂಬಳಕ್ಕೆ ಪೊಲೀಸು ಇಲಾಖೆಯ ಗುಮಾಸ್ತರು. ಅನಕೃ ಅವರ ‘ಸಂಧ್ಯಾರಾಗ’ ಓದಿ ಕನ್ನಡಕ್ಕೆ ಮರುಳಾದವರು. ನಾಡನ್ನು ನಗಿಸಿದ್ದು ಕಚೇರಿಯ ಕಡತಗಳಿಂದಲ್ಲ. ಇವರೆಲ್ಲ ಹೈಸ್ಕೂಲಿನಲ್ಲಿ ‘ನನ್ನ ಜೀವನದ ಗುರಿ’ ಬರೆದಿದ್ದರೆ ಏನೆಂದು ಬರೆಯುತ್ತಿದ್ದರು? ವಕೀಲ, ಗುಮಾಸ್ತ ಎಂದು ಬರೆದು ಒಳ್ಳೆಯ ಅಂಕ ಪಡೆಯುತ್ತಿದ್ದರೋ, ನಿಜ ಬರೆದು ಬೈಸಿಕೊಳ್ಳುತ್ತಿದ್ದರೋ?

ತಂದೆಯ ಮಾತಿನಲ್ಲಿ ಒಂದೇ ಒಂದು ಕೊರತೆಯಿತ್ತು. ವಕೀಲನಾಗುವುದಕ್ಕೂ ನಟನಾಗುವುದಕ್ಕೂ ಸಾಲುವಷ್ಟು ಕಸುವು ಎಲ್ಲ ಮಕ್ಕಳಲ್ಲಿಯೂ ಇರುವುದಿಲ್ಲ. ನನ್ನಲ್ಲಿ ಇರಲಿಲ್ಲ. ವಕೀಲನಾಗಲು ಹಣ ಸಾಲಲಿಲ್ಲ, ನಟನಾಗಲು ಎದೆಗಾರಿಕೆ ಸಾಲಲಿಲ್ಲ, ಕನ್ನಡ ಎಂ.ಎ. ಮಾಡಿ, ಬಿ.ಎಡ್. ಮಾಡಿ, ಮೇಷ್ಟ್ರಾದೆ. ತರಗತಿಯಲ್ಲಿ ಹರಿಶ್ಚಂದ್ರನ ಪಾಠ ಮಾಡುವಾಗ ದನಿ ಸ್ವಲ್ಪ ಹೆಚ್ಚಾಗಿ ಏರುತ್ತಿತ್ತೆಂದು ಸಹೋದ್ಯೋಗಿಗಳು ನಗುತ್ತಿದ್ದರು. ನನ್ನ ರಂಗಭೂಮಿ ಅಷ್ಟೇ. ದುಃಖವಿಲ್ಲ. ಆದರೆ ಆ ರಾತ್ರಿ ತಂದೆ ಕೈ ತೊಳೆದುಕೊಂಡ ನೀರಿನ ಸದ್ದು ಇನ್ನೂ ಕಿವಿಯಲ್ಲಿದೆ.

ಈಗ ಟ್ರಂಕು ಕೆಳಗಿಳಿದ ಕಾರಣವನ್ನು ಹೇಳುತ್ತೇನೆ. ಕೆಲವು ತಿಂಗಳ ಹಿಂದೆ ಒಂದು ಸಂಜೆ, ಐವತ್ತೈದರ ಆಸುಪಾಸಿನವನೊಬ್ಬ ಬಳ್ಳಾರಿಯ ನನ್ನ ಮನೆಯ ಬಾಗಿಲಿಗೆ ಬಂದು, ಚಪ್ಪಲಿ ಬಿಟ್ಟು, ಕೈಮುಗಿದು ನಿಂತ. ಗುರುತು ಸಿಕ್ಕಲಿಲ್ಲ. ‘ಸಿರುಗುಪ್ಪದಾಗ ನಿಮ್ಮ ಕೈಯಾಗ ಓದೀನ್ರಿ ಸಾರ್’ ಎಂದ. ಒಳಗೆ ಕರೆದು ಕೂರಿಸಿದೆ. ಮಾತು ಸುತ್ತಿ ಸುತ್ತಿ ಮಗಳ ವಿಷಯಕ್ಕೆ ಬಂತು. ಕಡೆಯ ಮಗಳು, ಪದವಿ ಮುಗಿಸಿದ್ದಾಳೆ, ಚೆನ್ನಾಗಿ ಓದುತ್ತಾಳೆ. ಸರ್ಕಾರಿ ಕೆಲಸದ ಪರೀಕ್ಷೆಗೆ ಕೂರು ಎಂದರೆ ಕೇಳುವುದಿಲ್ಲ. ಪುಣೆಗೆ ಹೋಗಿ ಡೆಕ್ಕನ್ ಕಾಲೇಜಿನಲ್ಲಿ ಪುರಾತತ್ವ ಓದುತ್ತಾಳಂತೆ. ‘ನೆಲಾ ಅಗೆಯೋದು ಓದಾಕ ಪುಣೆತನಕ ಹೋಗ್ಬೇಕಾ ಸಾರ್? ನೀವೊಂದು ಮಾತು ಹೇಳ್ರಿ, ನಿಮ್ಮ ಮಾತಾದ್ರ ಕೇಳ್ತಾಳ.’

ಅವನ ಹಟದಲ್ಲಿ ಅರ್ಥವಿಲ್ಲವೆಂದು ಯಾರೂ ಹೇಳುವಂತಿಲ್ಲ. ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ವಿಧಿ ಬಂದು, 2013ರಿಂದ ನಮ್ಮ ಭಾಗದ ಮಕ್ಕಳಿಗೆ ಒಂದು ಬಾಗಿಲು ತೆರೆದಿದೆ. ಇಲ್ಲಿನ ಕಾಲೇಜುಗಳ ಸೀಟುಗಳಲ್ಲಿ ನೂರಕ್ಕೆ 70, ಸ್ಥಳೀಯ ಸರ್ಕಾರಿ ಹುದ್ದೆಗಳಲ್ಲಿ ದರ್ಜೆಗೆ ತಕ್ಕಂತೆ 75ರಿಂದ 85ರವರೆಗೆ ಈ ಭಾಗದವರಿಗೆ ಮೀಸಲು. ಬಳ್ಳಾರಿಯ ಗ್ರಂಥಾಲಯಕ್ಕೆ ಬೆಳಗಿನ ಹೊತ್ತು ಹೋಗಿ ನೋಡಿ. ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು ಬುತ್ತಿಯನ್ನು ಪಕ್ಕಕ್ಕಿಟ್ಟುಕೊಂಡು, ಸಾಮಾನ್ಯ ಜ್ಞಾನದ ದಪ್ಪ ಪುಸ್ತಕದಲ್ಲಿ ಮುಖ ಹುದುಗಿಸಿ ಕುಳಿತಿರುತ್ತಾರೆ. ಎರಡು ವರ್ಷ, ಮೂರು ವರ್ಷ, ನಾಲ್ಕು ವರ್ಷ. ಅವರಲ್ಲಿ ಒಬ್ಬಿಬ್ಬರಿಗೆ ಸಿಗುತ್ತದೆ. ಸಿಕ್ಕವರ ಮನೆ ಎದ್ದು ನಿಲ್ಲುತ್ತದೆ. ಇದನ್ನು ಹಗುರವಾಗಿ ಕಾಣುವವನು ಹಸಿವನ್ನು ಕಂಡವನಲ್ಲ.

‘ನೀನೇನು ಮಾಡುತ್ತಿದ್ದೀಯಪ್ಪ?’ ಎಂದೆ. ಜೀನ್ಸ್ ಹೊಲಿಸುತ್ತಾನಂತೆ. ಕೌಲ್ ಬಜಾರಿನ ಕಡೆ ಎಂಟು ಮಿಷನ್ನಿನ ಒಂದು ಸಣ್ಣ ಘಟಕ. ಬಳ್ಳಾರಿ ದಂಡಿನ ಊರಾಗಿದ್ದಾಗ ಸಿಪಾಯಿಗಳ ಉಡುಪು ಹೊಲಿಯುತ್ತಿದ್ದ ಕೈಗಳೇ ಪೀಳಿಗೆ ಕಳೆದು ಜೀನ್ಸಿಗೆ ಬಂದವು ಎನ್ನುತ್ತಾರೆ. ಇಂದು ಬಳ್ಳಾರಿಯ ಜೀನ್ಸ್ ಪ್ಯಾಂಟು ದೇಶದ ಎಷ್ಟೋ ಊರುಗಳ ಅಂಗಡಿಗೆ ಹೋಗುತ್ತದೆ. ಇವನು ಬಾಲಕನಾಗಿದ್ದಾಗ ಸಿರುಗುಪ್ಪದ ಒಂದು ಟೈಲರ್ ಅಂಗಡಿಯಲ್ಲಿ ಕಾಜಾ ಗುಂಡಿ ಹಾಕಿಕೊಂಡಿದ್ದವನು. ಹತ್ತನೆಯದರಲ್ಲಿ ಗಣಿತ ಹೋಯಿತು. ತಾನೇ ಅಂಗಡಿ ಹಾಕಿದ. ಸಿದ್ಧ ಉಡುಪು ಬಂದು ಅಂಗಡಿ ಮುಚ್ಚಿತು. ಬಳ್ಳಾರಿಗೆ ಬಂದು ಕಟಿಂಗ್ ಮಾಸ್ಟರನಾದ. ಹತ್ತಾರು ಪದರ ಬಟ್ಟೆ ಹಾಸಿ ವಿದ್ಯುತ್ ಕತ್ತರಿಯನ್ನು ಗೆರೆ ತಪ್ಪದೆ ಓಡಿಸುವ ಕೆಲಸ. ಆಮೇಲೆ ಸಾಲ ಮಾಡಿ ಸ್ವಂತ ಘಟಕ. ಒಂದು ತಿಂಗಳು ರಾತ್ರಿಯೆಲ್ಲ ಮಿಷನ್ನು ಓಡುತ್ತದೆ, ಮುಂದಿನ ತಿಂಗಳು ಆರ್ಡರ್ ಇಲ್ಲ. ಕರೆಂಟು ಹೋದರೆ ಪೀಸಿನ ಲೆಕ್ಕದ ಕೂಲಿಯವರು ಕೈಕಟ್ಟಿ ಕೂರಬೇಕು. ಬಟ್ಟೆ ತೊಳೆಸಲು ನೀರಿನ ತಾಪತ್ರಯ. ಮಾಲು ಕೊಂಡವನು ಹಣ ಕೊಡಲು ಮೂರು ತಿಂಗಳು.

ಟೈಲರ್ ಅಂಗಡಿ, ಸಿರುಗುಪ್ಪ, ಕಾಜಾ ಗುಂಡಿ. ನನಗೆ ಏನೋ ನೆನಪಾದಂತಾಯಿತು, ಕೈಗೆ ಸಿಕ್ಕಲಿಲ್ಲ. ಮಗಳನ್ನು ಕರೆದುಕೊಂಡು ಬಾ ಎಂದು ಹೇಳಿ ಕಳುಹಿಸಿದೆ. ಮಾರನೆಯ ದಿನ ಟ್ರಂಕನ್ನು ಇಳಿಸಿದೆ.

ಹಾಳೆ ಸಿಕ್ಕಿತು. 1985. ಗೆರೆಯಿಲ್ಲದ ಕಾಗದ, ಆದರೂ ಸಾಲುಗಳು ದಾರ ಹಿಡಿದಂತೆ ನೇರ. ಉಳಿದವರೆಲ್ಲ ಎರಡು ಪುಟ ಬರೆದಿದ್ದರೆ ಇವನದು ಅರ್ಧ ಪುಟ. ತಾನು ಟೈಲರ್ ಆಗುವೆನು. ಸ್ವಂತ ಮಿಷನ್ನು ಕೊಳ್ಳುವೆನು. ಉಗಾದಿಗೆ ಮುಂಚೆ ಭತ್ತದ ಹಣ ಬಂದಾಗ ಅಂಗಡಿಯಲ್ಲಿ ರಾತ್ರಿ ಹನ್ನೆರಡರವರೆಗೆ ದೀಪ ಇರುತ್ತದೆ, ಅದು ತನಗೆ ಇಷ್ಟ. ಬಿಚ್ಚಿ ಮತ್ತೆ ಹೊಲಿಯುವಂತೆ ಆಗದ ಹಾಗೆ ಹೊಲಿಯಬೇಕು. ಹೊಸ ಅಂಗಿ ಹಾಕಿಕೊಂಡವರು ಕನ್ನಡಿ ನೋಡಿಕೊಂಡು ಮುಗುಳುನಗುತ್ತಾರೆ. ಅದನ್ನು ತಾನು ಗಿರಾಕಿಗೆ ತಿಳಿಯದಂತೆ ನೋಡುತ್ತೇನೆ. ಇಷ್ಟೇ. ಕೆಳಗೆ ಕೆಂಪು ಶಾಯಿಯಲ್ಲಿ, ‘ಇದು ಗುರಿಯಲ್ಲ. ಉನ್ನತ ಧ್ಯೇಯವನ್ನು ಇಟ್ಟುಕೊ. 3/10.’

ನಾನು ಕೆಟ್ಟವನಾಗಿರಲಿಲ್ಲ. ಅದನ್ನು ಹೇಳಿಕೊಳ್ಳಬೇಕಾಗಿ ಬಂದಿರುವುದೇ ನಾಚಿಕೆ. ಬಡ ಹುಡುಗನೊಬ್ಬ ಎತ್ತರಕ್ಕೆ ನೋಡಲೆಂಬ ಪ್ರೀತಿಯಿಂದಲೇ ಬರೆದಿರಬೇಕು. ಆದರೆ ಆ ವರ್ಷದ 38 ಹಾಳೆಗಳನ್ನು ಈಗ ಒಟ್ಟಿಗೆ ಓದಿದಾಗ, ಬರೆದವನು ತಾನು ಬರೆದದ್ದನ್ನು ಕಣ್ಣಾರೆ ಕಂಡಿದ್ದಾನೆಂದು ತೋರುವುದು ಇದೊಂದರಲ್ಲಿಯೇ. ಬಡವರ ಸೇವೆ ಮಾಡುವ ಡಾಕ್ಟರುಗಳೆಲ್ಲ ಒಂದೇ ಗೈಡ್ ಪುಸ್ತಕದಿಂದ ಇಳಿದವರು; ಅವರಿಗೆ ನಾನು ಎಂಟು ಕೊಟ್ಟಿದ್ದೇನೆ. ಮಕ್ಕಳ ಮನಸ್ಸಿನಲ್ಲಿರುವುದನ್ನು ಬರೆಯಿರಿ ಎಂದು ಕೇಳಿ, ಇಲ್ಲದ್ದನ್ನು ಬರೆದವರಿಗೆ ಬಹುಮಾನ ಕೊಡುವ ವಿದ್ಯೆಯನ್ನು 33 ವರ್ಷ ಕಲಿಸಿದ್ದೇನೆ.

ಮುಂದಿನ ಭಾನುವಾರ ತಂದೆ ಮಗಳು ಬಂದರು. ಹುಡುಗಿ ಕಡಿಮೆ ಮಾತಿನವಳು. ‘ಪುರಾತತ್ವವೇ ಏಕೆ ತಾಯಿ?’ ಎಂದು ಕೇಳಿದೆ. ತೆಕ್ಕಲಕೋಟೆಯಲ್ಲಿ ಅವಳ ಅಜ್ಜಿಯ ಊರಂತೆ. ಅಲ್ಲಿಯ ಬಂಡೆಗುಡ್ಡಗಳಲ್ಲಿ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾಯರು ಉತ್ಖನನ ಮಾಡಿ, ಬೆಟ್ಟದ ಮೇಲೆ ಬಾಳಿದ ನವಶಿಲಾಯುಗದ ಜನರ ಮನೆ, ಮಡಕೆ, ಸಮಾಧಿಗಳನ್ನು ಬೆಳಕಿಗೆ ತಂದರು. ಅಜ್ಜಿಯ ಕೇರಿಯ ಬೇವಿನ ಮರದ ಬುಡದಲ್ಲಿ ಕುಂಕುಮ ಹಚ್ಚಿದ ಒಂದು ಕರಿಯ ಕಲ್ಲು ಇತ್ತು. ದೇವರೆಂದು ಇವಳೂ ಕೈಮುಗಿಯುತ್ತಿದ್ದಳು. ಕಾಲೇಜಿನವರು ಒಮ್ಮೆ ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗ್ರಹಾಲಯಕ್ಕೆ ಕರೆದೊಯ್ದಾಗ ಗಾಜಿನ ಪೆಟ್ಟಿಗೆಯೊಳಗೆ ಅಂಥದೇ ಕಲ್ಲು ಕಂಡಿತು. ಕೊಡಲಿ. ಆ ದಿನದಿಂದ ಹಿಡಿದದ್ದು ಬಿಟ್ಟಿಲ್ಲ.

ಸಂಗನಕಲ್ಲಿನ ಪಕ್ಕದ ಹಿರೇಗುಡ್ಡಕ್ಕೆ ಅವಳು ಹೋಗಿ ಬಂದಿದ್ದಾಳೆ. ಬಳ್ಳಾರಿಯವರಾದ ನಮಗೆ ಅದು ಬಸ್ಸಿನ ಕಿಟಕಿಯಿಂದ ಕಾಣುವ ಕಲ್ಲುಗುಡ್ಡ, ಅಷ್ಟೇ. ಹತ್ತೊಂಬತ್ತನೆಯ ಶತಮಾನದಲ್ಲಿ ಭೂಗರ್ಭ ಇಲಾಖೆಯ ಫೂಟ್ ಈ ಸೀಮೆಯನ್ನು ಸುತ್ತಿ ಗುರುತಿಸಿದ ನೆಲೆಗಳಲ್ಲಿ ಅದೂ ಸೇರಿದೆ. 1940ರ ದಶಕದಲ್ಲಿ ಬಿ. ಸುಬ್ಬರಾಯರು ಸಂಗನಕಲ್ಲಿನಲ್ಲಿ ಅಗೆದರು. ತೀರ ಈಚೆಗೂ ಶೋಧ ನಡೆದಿದೆ. ಗುಡ್ಡದ ಕರಿಯ ಶಿಲೆಯನ್ನು ಒಡೆದು, ಚಕ್ಕೆ ಎಬ್ಬಿಸಿ, ಬಂಡೆಯ ಮೇಲೆ ನೀರು ಹಾಕಿ ತಿಕ್ಕಿ ಕೊಡಲಿ ಮಾಡುವ ಕೆಲಸ ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆ ಅಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದಿತ್ತು. ತಿಕ್ಕಿ ತಿಕ್ಕಿ ಬಂಡೆಯಲ್ಲಿ ಬಿದ್ದ ಗುಳಿಗಳು ಈಗಲೂ ಇವೆ. ಕಲ್ಲುಗಣಿಯವರ ಸಿಡಿಮದ್ದಿನಿಂದ ಆ ಸೀಮೆಯ ಪ್ರಾಚೀನ ಕುರುಹುಗಳಿಗೆ ಆಗಿರುವ ಹಾನಿ ಸಣ್ಣದಲ್ಲ.

‘ತಾತ, ಆ ಗುಳ್ಯಾಗ ಕೈ ಇಟ್ಟು ನೋಡಿದ್ನಿ’ ಎಂದಳು ಹುಡುಗಿ. ‘ಒಳಗೆಲ್ಲ ನುಣ್ಣಗೈತಿ. ಯಾರೋ ಕುಂತು ಮಾಡಿದ್ದು. ಅವರ ಹೆಸರು ಯಾರಿಗೂ ಗೊತ್ತಿಲ್ಲ. ಒಂದು ಕೊಡಲಿ ಅಂಚು ನೋಡಿದ್ರ ಮಾಡ್ದವ್ರ ಕೈ ಎಷ್ಟು ಸಮ ಇತ್ತು ಅಂತ ತಿಳೀತದ. ನಮ್ಮಪ್ಪ ಬಟ್ಟಿ ಕತ್ತರಿಸೋದು ನೋಡಿದವ್ರಿಗೆ ತಿಳೀತದ.’

ತಂದೆ ನೆಲ ನೋಡುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿ, ‘ಅಕೀಗೆ ಏನು ಹೇಳ್ತೀರಿ ಸಾರ್?’ ಎಂದ.

ಏನು ಹೇಳಲಿ? ಮಗಳ ಮನಸ್ಸಿನಂತೆ ನಡೆಯಲಿ ಬಿಡು ಎನ್ನುವುದು ಸುಲಭ. ಪುಣೆಯ ಖರ್ಚು ನನ್ನದಲ್ಲ, ಓದು ಮುಗಿದ ಮೇಲೆ ಕೆಲಸ ಸಿಗದೆ ಮನೆಗೆ ಬಂದರೆ ಅವಳಿಗೆ ಅನ್ನ ಹಾಕುವವನು ನಾನಲ್ಲ. ಪರೀಕ್ಷೆಗೆ ಕೂರು ತಾಯಿ ಎನ್ನುವುದೂ ಸುಲಭ. ಅದು ನನ್ನ ತಂದೆ ನನಗೆ ಹೇಳಿದ ಮಾತೇ. ಸುಮ್ಮನೆ ಎದ್ದು ಹೋಗಿ 1985ರ ಹಾಳೆಯನ್ನು ತಂದು ಅವನ ಕೈಯಲ್ಲಿಟ್ಟೆ. ‘ಇದು ನಿನ್ನದೇ ಅಲ್ಲವೇನಪ್ಪ? ಅಂಕ ತಪ್ಪಾಗಿ ಹಾಕಿದ್ದೇನೆ, ತಿದ್ದಬೇಕು’ ಎಂದೆ.

ಅವನು ಕನ್ನಡಕ ಹಾಕಿಕೊಂಡು ಓದಿದ. ಎರಡು ಸಲ ಓದಿದ. ನಗು ಬಂತು ಅವನಿಗೆ. ‘ಅಕ್ಷರ ಚಲೋ ಇದ್ವು ನನ್ನವು’ ಎಂದ. ಆಮೇಲೆ ನಗು ನಿಂತಿತು. ‘ಅಂಕದ್ದೇನಿಲ್ಲ ಬಿಡ್ರಿ ಸಾರ್. ನೀವು ಮೂರು ಕೊಟ್ರೂ ನಾನು ಬರೆದಿದ್ದೇ ಆಗೀನಲ್ಲ. ಬಯಸಿದ್ದೇ ಸಿಕ್ಕೈತಿ ನನಗ. ಅದಕ್ಕೇ ಅಕೀ ಬಗ್ಗೆ ಅಂಜಿಕಿ.’

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ಪಶ್ಚಾತ್ತಾಪಕ್ಕೆ ಒಂದು ಕಥೆ ಸಿದ್ಧವಾಗಿತ್ತು: ಮೇಷ್ಟ್ರು ಆಸೆಯನ್ನು ಚಿವುಟಿದರು, ಹುಡುಗ ಹಾಳಾದ, ಈಗ ಮಗಳ ಮೂಲಕ ಪ್ರಾಯಶ್ಚಿತ್ತ. ಅವನು ಆ ಕಥೆಯನ್ನು ಒಪ್ಪಲಿಲ್ಲ. ಆಸೆ ಈಡೇರಿದವನಿಗೆ ಇರುವ ಭಯ ಈಡೇರದ ನನಗೆ ಹೇಗೆ ತಿಳಿಯಬೇಕು? ಕರೆಂಟು, ನೀರು, ಆರ್ಡರು, ಮೂರು ತಿಂಗಳಿಗೆ ಬರುವ ಹಣ, ಇವುಗಳ ನಡುವೆಯೂ ಇವನು ಕತ್ತರಿಯ ಗೆರೆಯನ್ನು ತಪ್ಪಿಸಿಲ್ಲ; ಆದರೆ ಕನ್ನಡಿಯ ಮುಂದಿನ ಮುಗುಳುನಗೆಯನ್ನು ಅವನು ಕಂಡು ಎಷ್ಟು ಕಾಲವಾಯಿತೋ. ಹೊಲಿದ ಪ್ಯಾಂಟನ್ನು ಹಾಕಿಕೊಳ್ಳುವವರು ಈಗ ಯಾವ ಊರಿನಲ್ಲಿದ್ದಾರೋ ಅವನಿಗೆ ಗೊತ್ತಿಲ್ಲ.

ಅಷ್ಟರಲ್ಲಿ ಹುಡುಗಿ ಕೈ ಚಾಚಿ ತಂದೆಯ ಕೈಯಿಂದ ಹಾಳೆಯನ್ನು ತೆಗೆದುಕೊಂಡಳು. ಅವಳು ಓದಿದ ರೀತಿಯನ್ನು ನಾನು ನೋಡಿದೆ. ಹಾಳೆಯನ್ನು ಅಂಚಿನಲ್ಲಷ್ಟೇ ಹಿಡಿದು, ಬೆಳಕಿಗೆ ಒಡ್ಡಿ, ಮೊದಲು ಕಾಗದವನ್ನು ನೋಡಿ, ಶಾಯಿಯನ್ನು ನೋಡಿ, ಹಿಂದೆ ತಿರುಗಿಸಿ ನೋಡಿ, ಆಮೇಲೆ ಅಕ್ಷರಕ್ಕೆ ಬಂದಳು. ಓದಿ ಮುಗಿಸಿ ತಂದೆಯನ್ನು, ‘ಗಿರಾಕಿಗೆ ತಿಳೀದಂಗ ನೋಡ್ತಿದ್ಯಾ ನೀನು?’ ಎಂದು ಕೇಳಿದಳು. ಅವನು ಹೂಂ ಎಂದ. ‘ಯಾವತ್ತೂ ಹೇಳೇ ಇಲ್ಲ’ ಎಂದಳು.

ಅವರಿಬ್ಬರೂ ಏನು ತೀರ್ಮಾನಿಸಿದರೆಂದು ನಾನು ಕೇಳಲು ಹೋಗಿಲ್ಲ. ಪುಣೆಯ ಅರ್ಜಿಗೆ ಇನ್ನೂ ದಿನವಿದೆಯಂತೆ. ಇಲ್ಲಿಯ ಪರೀಕ್ಷೆಗೂ ಅವಳು ಅರ್ಜಿ ಹಾಕಿದ್ದಾಳೆಂದು ಯಾರೋ ಹೇಳಿದರು. ಹೊರಡುವಾಗ ಅವನು ಬಾಗಿಲಲ್ಲಿ ನಿಂತು, ‘ಸಾರ್, ಈ ಹಾಳಿ ನಾನು ಒಯ್ಯಲೇನ್ರಿ?’ ಎಂದು ಕೇಳಿದ. ಅವನದೇ ತಾನೆ. ಕೊಟ್ಟೆ. ಹುಡುಗಿ ಅದನ್ನು ಮಡಿಸಗೊಡಲಿಲ್ಲ; ತನ್ನ ಚೀಲದಲ್ಲಿದ್ದ ಒಂದು ಪುಸ್ತಕದ ನಡುವೆ ಇಟ್ಟುಕೊಂಡಳು.

ಆದ್ದರಿಂದ ಆ ಪ್ರಬಂಧವನ್ನು ನಾನು ಇಂದು ನಿಮಗೆ ಹೇಳಿದ್ದು ನೆನಪಿನಿಂದ. ಎಲ್ಲಿಯಾದರೂ ಒಂದು ಮಾತು ಆಚೀಚೆ ಆಗಿದ್ದರೆ ಆ ತಪ್ಪು ನನ್ನದು, ಹುಡುಗನದಲ್ಲ.